ಭಾರ ಹೊತ್ತ ಬಂಡಿಯ ದೀಪ

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟುಗಳನ್ನು ತುಂಬಿಕೊಂಡು ಹೊರಟು, ಮುಳಬಾಗಿಲು ಪಲಮನೇರುಗಳನ್ನು ದಾಟಿ, ಮೊಗಿಲಿ ಘಾಟಿಯ ತಿರುವುಗಳನ್ನಿಳಿದು, ಚಿತ್ತೂರು ರಾಣಿಪೇಟೆಗಳ ಮಾರ್ಗವಾಗಿ ನಡುರಾತ್ರಿಯ ಮೇಲೆ ಚೆನ್ನೈನ ಕೊಯಂಬೇಡು ಮಾರುಕಟ್ಟೆಯನ್ನು ಸೇರುವ ಪಿಕಪ್ ವಾಹನಗಳ ಚಾಲಕರಿಗೆ ಕತ್ತಲೆಯೆಂಬುದು ಉದ್ದಕ್ಕೂ ಒಂದೇ ತೆರನಾಗಿರುವುದಿಲ್ಲ. ಪ್ರಸ್ಥಭೂಮಿಯ ಮೇಲೆ ಧನುರ್ಮಾಸದ ಮಂಜು ಕವಿದಿರುತ್ತದೆ. ಘಾಟಿಯಲ್ಲಿ ತಿರುವಿನಾಚೆ ಏನಿದೆಯೆಂದು ತಿಳಿಯದು. ಬಯಲಿಗಿಳಿದು ಹೆದ್ದಾರಿಯನ್ನು ಸೇರಿದಮೇಲಂತೂ ಎದುರಿನಿಂದ ಬರುವ ವಾಹನಗಳ ಪ್ರಖರವಾದ ಬೆಳಕೇ ಕಣ್ಣನ್ನು ಕುರುಡಾಗಿಸುತ್ತದೆ.

ಇಂತಹ ಚಾಲಕನಿಗೆ ತನ್ನ ವಾಹನದ ದೀಪ ಸಾಲದೆಂದು ತೋರುವುದು ಸಹಜವೇ. ಸರಕನ್ನಿಳಿಸಿದಮೇಲೆ ಅವನು ಎಗ್ಮೋರಿನ ಬಳಿಯ ಪುದುಪೇಟೆಗೋ, ಮೌಂಟ್ ರೋಡಿನಿಂದ ರಾಯಪೇಟೆಯ ಕಡೆಗೆ ಸಾಗುವ ಜನರಲ್ ಪ್ಯಾಟರ್ಸ್ ರಸ್ತೆಗೋ ಹೋಗುತ್ತಾನೆ. ಹಳೆಯ ವಾಹನಗಳನ್ನು ಬಿಚ್ಚಿ ಅವುಗಳ ಬಿಡಿಭಾಗಗಳನ್ನು ಮಾರುವ ಪುದುಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿಯೂ, ಹೊಸ ಸಾಮಾನುಗಳನ್ನು ಸಾಲಾಗಿ ತೂಗುಹಾಕಿರುವ ಪ್ಯಾಟರ್ಸ್ ರಸ್ತೆಯ ಅಂಗಡಿಗಳಲ್ಲಿಯೂ ದೀಪಗಳಿಗೇನು ಬರವೆ? ನೀಲಿ ಬೆರೆತ ಬಿಳುಪಿನ ಎಲ್‌ಇಡಿ ಬಲ್ಬುಗಳು, ಪ್ರೊಜೆಕ್ಟರುಗಳು, ಹಳದಿ ಫಾಗ್‌ಲೈಟುಗಳು, ಕ್ಯಾಬಿನ್ನಿನ ತಲೆಯ ಮೇಲೆ ಕೂರಿಸುವ ಉದ್ದನೆಯ ದೀಪದ ಪಟ್ಟಿಗಳು, ಇವೆಲ್ಲವೂ ‘ನನ್ನನ್ನು ಕೊಳ್ಳು’ ಎಂದು ಹಗಲಿನಲ್ಲಿಯೇ ಉರಿಯುತ್ತಿರುತ್ತವೆ. ಆದರೆ ಬೆಳಕು ಎಷ್ಟಿರಬೇಕೆಂಬುದಕ್ಕಿಂತ ಅದು ಎಲ್ಲಿ ಬೀಳಬೇಕೆಂಬುದೇ ಮುಖ್ಯವಾದ ಪ್ರಶ್ನೆಯೆಂಬುದು ಈ ಸಂತೆಯಲ್ಲಿ ಸುಲಭವಾಗಿ ಮರೆತುಹೋಗುತ್ತದೆ.

ಕಾರ್ಬೈಡ್ ದೀಪಗಳ ಕಾಲವನ್ನು ಬಿಟ್ಟು ವಿದ್ಯುದ್ದೀಪಗಳಿಗೆ ಬಂದ ಮೋಟಾರು ವಾಹನಗಳು, 1962ರಲ್ಲಿ ಯೂರೋಪಿನಲ್ಲಿ ಮೊದಲ ಹ್ಯಾಲೊಜೆನ್ ಬಲ್ಬನ್ನು ಪಡೆದುವು. 1971ರಲ್ಲಿ ಬಂದ ಎಚ್-4 ಎಂಬ ಬಲ್ಬು ನಮ್ಮ ಅನೇಕ ಪಿಕಪ್ಪುಗಳಲ್ಲಿ ಇಂದಿಗೂ ಇದೆ. 12 ವೋಲ್ಟಿನ ಈ ಬಲ್ಬಿನಲ್ಲಿ ಎರಡು ತಂತುಗಳು: ಹೈ ಬೀಮಿಗೆ 60 ವಾಟಿನದು, ಡಿಮ್ಮಿಗೆ 55 ವಾಟಿನದು. ಡಿಮ್ಮಿನ ತಂತುವಿನ ಕೆಳಗೆ ಬಟ್ಟಲಿನಾಕಾರದ ಪುಟ್ಟ ಲೋಹದ ತಗಡೊಂದಿರುತ್ತದೆ. ಆ ತಗಡು ಬೆಳಕಿನ ಒಂದು ಭಾಗವನ್ನು ತಡೆಹಿಡಿದು, ಪ್ರತಿಫಲಕದಿಂದ ಹೊರಡುವ ಪ್ರಭೆಗೆ ಮೇಲಂಚೊಂದನ್ನು ಕೊಯ್ದು ಕೊಡುತ್ತದೆ. ಆ ಅಂಚಿನ ಕೆಳಗೆ ರಸ್ತೆ, ಮೇಲೆ ಎದುರು ಬರುವವನ ಕಣ್ಣು. ತಂತು ಒಂದೆರಡು ಮಿಲಿಮೀಟರ್ ಸ್ಥಾನಪಲ್ಲಟವಾದರೂ ಈ ವ್ಯವಸ್ಥೆಯೆಲ್ಲ ಕದಡಿಹೋಗುತ್ತದೆ.

ದೀಪ ಮಂಕಾಗಿದೆಯೆಂದು ಬರುವವನಿಗೆ ಅನುಭವಸ್ಥನಾದ ಎಲೆಕ್ಟ್ರಿಷಿಯನ್ ಒಡನೆಯೇ ದೊಡ್ಡ ಬಲ್ಬನ್ನು ಕೊಡುವುದಿಲ್ಲ. “ಅಣ್ಣಾ, 90-100 ವಾಟಿನ ಬಲ್ಬು ಹಾಕಿಬಿಡಿ, ರಾತ್ರಿ ರೋಡೇ ಕಾಣಲ್ಲ” ಎಂದು ಕೋಲಾರದವನು ಅವಸರಪಡಿಸಿದರೆ, “ಇರು ತಂಬಿ, ಮೊದಲು ವೋಲ್ಟೇಜ್ ನೋಡೋಣ” ಎಂದು ಮೀಟರನ್ನು ಕೈಗೆತ್ತಿಕೊಳ್ಳುವವನೇ ನಂಬತಕ್ಕವನು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೂ, ಸಣ್ಣ ವೈರು, ಸವೆದ ಸ್ವಿಚ್ಚು, ತುಕ್ಕುಹಿಡಿದ ಅರ್ತಿಂಗು ಇವುಗಳನ್ನೆಲ್ಲ ಹಾದು ಬಲ್ಬಿನ ಹೋಲ್ಡರನ್ನು ಮುಟ್ಟುವ ವೇಳೆಗೆ ಅದು 12.4ಕ್ಕೆ ಇಳಿದಿರುವುದುಂಟು. ಇಳಿದದ್ದು ಶೇಕಡಾ 10 ಮಾತ್ರವಾದರೂ ಹ್ಯಾಲೊಜೆನ್ ಬಲ್ಬಿನ ಬೆಳಕು ಶೇಕಡಾ 30ರಷ್ಟು ಕುಗ್ಗುತ್ತದೆ. ಏಕೆಂದರೆ ತಂತುವಿನ ಬೆಳಕು ವೋಲ್ಟೇಜಿನ ಸಮಪ್ರಮಾಣದಲ್ಲಲ್ಲದೆ, ಅದರ ಮೂರುಪಟ್ಟಿಗೂ ಮೀರಿದ ವೇಗದಲ್ಲಿ ಏರಿಳಿಯುತ್ತದೆ. ಚೆನ್ನೈನ ಎಣ್ಣೂರು ತಂಡಿಯಾರ್‌ಪೇಟೆಗಳ ಉಪ್ಪುಗಾಳಿಯಲ್ಲಿ ದುಡಿಯುವ ವಾಹನಗಳಲ್ಲಿ ಅರ್ತಿಂಗಿನ ಬೋಲ್ಟುಗಳನ್ನು ಉಜ್ಜಿ ಬಿಗಿಮಾಡುವುದರಿಂದಲೇ ಅರ್ಧ ರೋಗ ವಾಸಿಯಾಗುತ್ತದೆಂದರೆ ಆಶ್ಚರ್ಯವಿಲ್ಲ.

ಉಳಿದರ್ಧಕ್ಕೆ ರಿಲೇ ಎಂಬ ಉಪಕರಣವಿದೆ. ದೀಪಕ್ಕೆ ಬೇಕಾದ ಪ್ರವಾಹವನ್ನೆಲ್ಲ ಸ್ಟಿಯರಿಂಗಿನ ಬಳಿಯ ನಾಜೂಕಾದ ಸ್ವಿಚ್ಚಿನ ಮೂಲಕ ಎಳೆಯುವ ಬದಲು, ಸ್ವಿಚ್ಚಿನಿಂದ ಕೇವಲ ಸಂಜ್ಞೆಯನ್ನು ಮಾತ್ರ ಪಡೆದು, ಬ್ಯಾಟರಿಯಿಂದ ದಪ್ಪ ವೈರಿನಲ್ಲಿ, ಫ್ಯೂಸಿನ ಕಾವಲಿನೊಡನೆ, ನೇರವಾಗಿ ಬಲ್ಬಿಗೆ ವಿದ್ಯುತ್ತನ್ನು ಬಿಡುವುದೇ ಇದರ ಕೆಲಸ. ಇದಿಲ್ಲದೆ 100 ವಾಟಿನ ಬಲ್ಬುಗಳನ್ನು ತುರುಕಿದರೆ ಜೋಡಿಗೆ 16 ಆಂಪಿಯರಿಗೂ ಮೀರಿದ ಪ್ರವಾಹ ಹರಿದು, ಹೋಲ್ಡರು ಕರಗಿ, ಪ್ರತಿಫಲಕದ ಲೇಪ ಸುಟ್ಟು, ಇದ್ದ ದೀಪವೂ ಹೋಗುವ ಸಂಭವವುಂಟು. ಪ್ಲಾಸ್ಟಿಕ್ಕಿನ ಮುಂಗಾಜು ಬಿಸಿಲಿಗೆ ಹಳದಿಗಟ್ಟಿದ್ದರೆ ಅದನ್ನು ಒದ್ದೆಯಾದ ಮರಳುಕಾಗದದಿಂದ ತೀಡಿ, ಅತಿನೇರಳೆ ಕಿರಣವನ್ನು ತಡೆಯುವ ಲೇಪವನ್ನು ಕೊಡಿಸುವುದೂ ಅಲ್ಪವ್ಯಯದ ಚಿಕಿತ್ಸೆಯೇ.

ಎಲ್‌ಇಡಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕಾಗಿದೆ. ನೀಲಿ ಎಲ್‌ಇಡಿಯನ್ನು ಸಾಧಿಸಿದುದಕ್ಕಾಗಿ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ಬೆಳಕಿನ ಯೋಗ್ಯತೆಯನ್ನು ಯಾರೂ ಸಂದೇಹಿಸುವಂತಿಲ್ಲ. ಎಲ್‌ಇಡಿಗೆಂದೇ ರಚಿತವಾದ ದೀಪಸಂಪುಟದಲ್ಲಿ ಅದು ಹ್ಯಾಲೊಜೆನ್ನಿಗಿಂತ ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ದೂರ ತೋರಿಸುತ್ತದೆ. ಆದರೆ ತಂತುವಿಗಾಗಿ ಗಣಿತ ಹಾಕಿ ಬಾಗಿಸಿದ ಪ್ರತಿಫಲಕದೊಳಗೆ, ಎರಡು ಮಗ್ಗುಲಿಗೆ ಎಲ್‌ಇಡಿ ಚಿಪ್‌ಗಳನ್ನಂಟಿಸಿದ ಬಲ್ಬನ್ನು ಸಿಕ್ಕಿಸಿದರೆ ಬೆಳಕಿನ ಮೂಲವು ಇರಬೇಕಾದೆಡೆಯಲ್ಲಿ ಇರುವುದಿಲ್ಲ. ಕೊಯ್ದಂತಿದ್ದ ಅಂಚು ಹಿಂಜಿಹೋಗುತ್ತದೆ. ವಾಹನದ ಮುಂದಿನ ಹತ್ತಡಿ ಹಾಲಿನಂತೆ ಬೆಳಗುವುದರಿಂದ ಚಾಲಕನಿಗೆ ತೃಪ್ತಿ, ದೂರದ ರಸ್ತೆ ಮಾತ್ರ ಮೊದಲಿಗಿಂತಲೂ ಕಪ್ಪು. ಪರದೇಶದಿಂದ ಬರುವ ಅಗ್ಗದ ಪ್ರೊಜೆಕ್ಟರುಗಳಲ್ಲಿ ಇನ್ನೊಂದು ಅಪಾಯ. ನಾವು ರಸ್ತೆಯ ಎಡಗಡೆ ಸಾಗುವವರಾದುದರಿಂದ ನಮ್ಮ ಡಿಮ್ಮಿನ ಬೆಳಕು ಎಡಕ್ಕೆ ತುಸು ಮೇಲೇರಿ ಪಾದಚಾರಿಗಳನ್ನೂ ರಸ್ತೆಯಂಚಿನ ಫಲಕಗಳನ್ನೂ ತೋರಿಸಬೇಕು. ಬಲಗಡೆ ಸಾಗುವ ದೇಶಗಳಿಗಾಗಿ ಮಾಡಿದ ದೀಪದಲ್ಲಿ ಆ ಏರು ಬಲಕ್ಕಿದ್ದು, ಎದುರು ಬರುವವನ ಕಣ್ಣಿಗೇ ನೇರವಾಗಿ ಬಡಿಯುತ್ತದೆ. ಕೊಳ್ಳುವಾಗ ಕೇಳಲೇಬೇಕಾದ ಈ ಪ್ರಶ್ನೆಯನ್ನು ಕೇಳುವವರು ವಿರಳ.

ಇನ್ನು ಮಂಜು. ಬೆಳಕು ಚದರುವುದನ್ನು ಕುರಿತು ಯಾರು ಮಾತನಾಡಿದರೂ ಚೆನ್ನೈನಲ್ಲಿ ಒಂದು ಹೆಸರು ತಾನಾಗಿ ನೆನಪಿಗೆ ಬರುತ್ತದೆ: ಮರೀನಾದ ಎದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಬೆಳಕನ್ನು ಕುರಿತ ಮೊದಲ ಲೇಖನವನ್ನು ಪ್ರಕಟಿಸಿದ, ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸಿ. ವಿ. ರಾಮನ್. ಗಾಳಿಯ ಅಣುಗಳು ನೀಲಿಯನ್ನು ಹೆಚ್ಚಾಗಿಯೂ ಕೆಂಪನ್ನು ಕಡಮೆಯಾಗಿಯೂ ಚದರಿಸುವುದರಿಂದ ಆಕಾಶ ನೀಲಿಯಾಗಿ ಕಾಣುತ್ತದೆ. ಮಂಜಿನ ಹನಿಗಳಾದರೋ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿ ಚದರಿಸುತ್ತವೆ, ಆದುದರಿಂದಲೇ ಮಂಜು ಬೆಳ್ಳಗಿದೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆಂಬ ಗ್ಯಾರೇಜಿನ ಸಿದ್ಧಾಂತಕ್ಕೆ ಹೀಗೆ ಹೆಚ್ಚಿನ ಆಧಾರವಿಲ್ಲ. ನೀಲಿಯ ಅಂಶ ಕಡಮೆಯಾಗಿರುವ ಬೆಳಕಿಗೆ ಕಣ್ಣು ಕುಕ್ಕುವುದು ಕಡಮೆಯೆಂಬಷ್ಟು ಮಾತ್ರ ನಿಜ. ಫಾಗ್‌ಲೈಟಿನ ಗುಣವಿರುವುದು ಅದರ ಆಕಾರದಲ್ಲಿ ಮತ್ತು ಅದನ್ನು ಕೂರಿಸುವ ಸ್ಥಾನದಲ್ಲಿ. ಅಗಲವಾಗಿ ಹರಡಿ, ಮೇಲಂಚು ಚಪ್ಪಟೆಯಾಗಿ, ನೆಲವನ್ನು ಸವರಿಕೊಂಡು ಹೋಗುವ ಆ ಬೆಳಕು ಚಾಲಕನ ದೃಷ್ಟಿರೇಖೆಯಿಂದ ದೂರವಿದ್ದಷ್ಟೂ ಹನಿಗಳಿಂದ ಚದರಿ ಅವನ ಕಣ್ಣಿಗೆ ಹಿಂದಿರುಗುವುದು ಕಡಮೆ. ಆದುದರಿಂದ ಅದನ್ನು ಬಂಪರಿನ ಮಟ್ಟದಲ್ಲಿ ಅಥವಾ ಅದಕ್ಕೂ ಕೆಳಗೆ, ಅಲುಗಾಡದ ಗಟ್ಟಿಯಾದ ಪಟ್ಟಿಗೆ ಬಿಗಿಯಬೇಕು. ಕ್ಯಾಬಿನ್ನಿನ ತಲೆಯ ಮೇಲೆ ದೀಪ ಕಟ್ಟಿದವನು ಮಂಜಿನಲ್ಲಿ ತನ್ನೆದುರು ತಾನೇ ಬಿಳಿಯ ಗೋಡೆಯೊಂದನ್ನು ಎಬ್ಬಿಸಿಕೊಳ್ಳುತ್ತಾನೆ. ಹೈ ಬೀಮ್ ಹಾಕಿದವನ ಗತಿಯೂ ಅದೇ.

ಸಮುದ್ರತೀರದ ಚೆನ್ನೈಗೆ ಫಾಗ್‌ಲೈಟು ಏತಕ್ಕೆಂದು ಕೇಳುವವರಿಗೆ ಭೋಗಿಯ ಮುಂಜಾವನ್ನು ನೆನಪಿಸಿದರೆ ಸಾಕು. ಸಂಕ್ರಾಂತಿಯ ಹಿಂದಿನ ದಿನ ಹಳೆಯ ಸಾಮಾನುಗಳನ್ನು ಸುಡುವ ಆಚಾರದಲ್ಲಿ ಟೈರು, ಪ್ಲಾಸ್ಟಿಕ್ಕುಗಳೂ ಸೇರಿ, ಹೊಗೆಯು ಮಂಜಿನೊಡನೆ ಬೆರೆತು ನಗರವನ್ನು ಕವಿಯುತ್ತದೆ. 2018ರ ಭೋಗಿಯಂದು ಅನೇಕ ವಿಮಾನಗಳು ಇಲ್ಲಿ ಇಳಿಯಲಾರದೆ ಬೇರೆ ಊರುಗಳಿಗೆ ತಿರುಗಬೇಕಾಯಿತು. ಅಂಥ ಬೆಳಗಿನಲ್ಲಿ ಕೊಯಂಬೇಡಿನಿಂದ ಹೊರಡುವ ಪಿಕಪ್ಪಿಗೆ ಮುಂದಿನ ಫಾಗ್‌ಲೈಟಿಗಿಂತಲೂ ಹಿಂಭಾಗಕ್ಕೆ ಅಂಟಿಸಿದ ಕೆಂಪು ಹೊಳಪುಪಟ್ಟಿಯೇ ಹೆಚ್ಚು ಉಪಕಾರಿಯೆಂದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಮುಖ್ಯವಾದುದು, ಪಿಕಪ್ಪಿಗೇ ವಿಶಿಷ್ಟವಾದುದು, ಭಾರದ ಪ್ರಶ್ನೆ. ಖಾಲಿಯಾಗಿದ್ದಾಗ ಸರಿಯಾಗಿ ಹೊಂದಿಸಿದ ದೀಪ, ಲೋಡ್ ಬಿದ್ದು ಹಿಂದಿನ ಕಮಾನುಪಟ್ಟಿಗಳು ಕುಸಿದೊಡನೆ ಮೂತಿಯೆತ್ತುತ್ತದೆ. ಮುಂದಿನ ಹಿಂದಿನ ಗಾಲಿಗಳ ನಡುವಣ ಅಂತರ 3 ಮೀಟರಿದ್ದು ಹಿಂಭಾಗ 6 ಸೆಂಟಿಮೀಟರ್ ಮಾತ್ರ ತಗ್ಗಿತೆನ್ನಿ: ನೂರಕ್ಕೆ ಒಂದರಂತೆ ಕೆಳಗಿಳಿಯಬೇಕಾಗಿದ್ದ ಬೆಳಕು ನೂರಕ್ಕೆ ಒಂದರಂತೆ ಮೇಲೇರತೊಡಗುತ್ತದೆ. ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿರುವ ದೀಪದ ಡಿಮ್ಮಿನ ಅಂಚು 50 ಮೀಟರ್ ದೂರದಲ್ಲಿ 140 ಸೆಂಟಿಮೀಟರಿಗೆ ಮುಟ್ಟುತ್ತದೆ, ಎಂದರೆ ಎದುರಿನ ಕಾರಿನವನ ಕಣ್ಣನ್ನು ಮೀರುತ್ತದೆ. ಡಿಮ್ ಮಾಡಿಯೂ ಬೈಗುಳ ತಿನ್ನುವ ಚಾಲಕರು ಈ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಡ್ಯಾಶ್‌ಬೋರ್ಡಿನಲ್ಲಿ ಅನೇಕ ವಾಹನಗಳಿಗೆ 0ಯಿಂದ 3ರವರೆಗಿನ ಅಂಕಿಗಳುಳ್ಳ ಪುಟ್ಟ ಚಕ್ರವೊಂದಿರುವುದು ಇದಕ್ಕಾಗಿಯೇ. ಲೋಡ್ ಹೆಚ್ಚಿದಂತೆ ಅಂಕಿಯನ್ನು ಹೆಚ್ಚಿಸಿದರೆ ದೀಪ ಬಾಗುತ್ತದೆ. ಅದನ್ನು ಒಮ್ಮೆಯೂ ತಿರುಗಿಸದೆ ವಾಹನವನ್ನು ಮಾರಿಬಿಡುವವರೇ ಹೆಚ್ಚೆಂದು ತೋರುತ್ತದೆ.

ಕಾನೂನೂ ಕೇಳುವುದು ಇದನ್ನೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದರ ಪ್ರಕಾರ, ದೀಪದಿಂದ 8 ಮೀಟರ್ ಮುಂದೆ, ಬಲಗಡೆಗೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದರ ಬೆಳಕು ಕೋರೈಸಕೂಡದು. 111ನೆಯ ನಿಯಮವು ವಾಹನದ ಮುಂಭಾಗದಲ್ಲಿ ಸ್ಪಾಟ್‌ಲೈಟು ಸರ್ಚ್‌ಲೈಟುಗಳನ್ನು, ವಿಶೇಷ ಸಂದರ್ಭದಲ್ಲಿ ಮೊದಲೇ ಅನುಮತಿ ಪಡೆದ ಹೊರತು, ನಿಷೇಧಿಸುತ್ತದೆ.

ಹೀಗಿರುವಾಗ ಓದುಗರಲ್ಲಿ ಪಿಕಪ್ಪಿನ ಒಡೆಯರಾರಾದರೂ ಇದ್ದರೆ ಅವರಲ್ಲಿ ಒಂದು ವಿನಂತಿ. ಹೊಸ ದೀಪಕ್ಕೆ ಹಣ ತೆರುವ ಮುನ್ನ ಒಂದು ಸಂಜೆ, ಎಂದಿನ ಲೋಡಿನೊಡನೆ, ಟೈರಿನ ಗಾಳಿಯನ್ನು ಸರಿಮಾಡಿಕೊಂಡು, ಸಮತಟ್ಟಾದ ನೆಲದ ಮೇಲೆ ಗೋಡೆಯಿಂದ 10 ಮೀಟರ್ ದೂರದಲ್ಲಿ ವಾಹನವನ್ನು ನಿಲ್ಲಿಸಿ. ದೀಪದ ನಡುಮಧ್ಯದ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆಯೊಂದನ್ನೆಳೆದು, ಡಿಮ್ಮಿನ ಅಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ ಬರುವಂತೆ ತಿರುಪನ್ನು ಹೊಂದಿಸಿಕೊಳ್ಳಿ. ಆಮೇಲೂ ರಸ್ತೆ ಕಾಣದಿದ್ದರೆ ಪುದುಪೇಟೆಗೆ ಹೋಗಬಹುದು.