ಮಾಥೇರಾನಿನ ಕುದುರೆ
ಕಳೆದ ಜೂನಿನಲ್ಲಿ ಮಾಥೇರಾನಿಗೆ ಹೋಗಿದ್ದಾಗ ಮಗಳ ಸವಾರಿಗೆಂದು ತಂದ ಕುದುರೆ ಕುಂಟುತ್ತಿತ್ತು. ಗೊರಸು ಎತ್ತಿಸಿ ನೋಡಿದರೆ ಕೊಳೆತ ವಾಸನೆ. ಬೇಡವೆಂದೆ. "ಇವತ್ತು ದುಡಿಯದಿದ್ದರೆ ನಾಳೆ ಮೇವಿಗೇನು ಮಾಡಲಿ ಸಾಹೇಬರೇ?" ಎಂದ ಮಾಲೀಕ.

ಮೋಟಾರು ವಾಹನಗಳಿಗೆ ನಿಷೇಧವಿರುವ ಆ ಗುಡ್ಡದಲ್ಲಿ ಎಷ್ಟೋ ಮನೆಗಳ ಅನ್ನ ಕುದುರೆಯ ಬೆನ್ನ ಮೇಲಿದೆ. ಮಳೆಗಾಲದಲ್ಲಿ ಕೆಮ್ಮಣ್ಣಿನ ಕೆಸರು ಗೊರಸಿನಡಿ ಕೂತು ಕೊಳೆಸುತ್ತದೆ. ದಿನಾ ಕೆರೆದು ತೆಗೆದು ಒಣನೆಲದಲ್ಲಿ ನಿಲ್ಲಿಸಬೇಕು. ಕಚ್ಚುವ ನೊಣಗಳಿಂದ ಸರ್ರಾ ರೋಗ ಬೇರೆ. ಬೇಸಿಗೆಯಲ್ಲಿ ನಮ್ಮಂತೆಯೇ ಬೆವರಿ ಉಪ್ಪು ಕಳೆದುಕೊಳ್ಳುವ ಪ್ರಾಣಿಯಿದು. ದಿನಕ್ಕೆ 30 ಲೀಟರಿಗೂ ಹೆಚ್ಚು ನೀರು ಬೇಕಾಗಬಹುದು. ನೀರು ಸಾಲದಿದ್ದರೆ, ಮೇವು ದಿಢೀರನೆ ಬದಲಾದರೆ ಹೊಟ್ಟೆಶೂಲೆ. ಹೊಟ್ಟೆ ಉಬ್ಬಿದರೂ ಕುದುರೆ ವಾಂತಿ ಮಾಡಲಾರದು, ಪ್ರಾಣಕ್ಕೇ ಕುತ್ತು.

ಸವಾರಿಯ ದುಡ್ಡು ಕೊಟ್ಟು ನಡೆದೇ ಹೊರಟೆವು. ಹಿಂತಿರುಗಿ ನೋಡಿದಾಗ ಅದೇ ಕುದುರೆಯ ಮೇಲೆ ಬೇರೊಂದು ಮಗು ಕೂತಿತ್ತು.