ಓಲೆ ಇದೆ, ಸೂಚಿ ಕೆಟ್ಟಿದೆ

ಐದು ವರ್ಷದ ಹಿಂದೆ ಬಂದ ವಿಮೆಯ ಕಾಗದ, ಮಗಳ ಕಾಲೇಜಿನಿಂದ ಬಂದ ಪ್ರವೇಶಪತ್ರ, ನಿವೇಶನದ ಕರಾರು ಇವೆಲ್ಲ ಈಗ ಕಬ್ಬಿಣದ ಪೆಟ್ಟಿಗೆಗಿಂತ ಹೆಚ್ಚಾಗಿ ಕಂಪ್ಯೂಟರಿನ ಇ-ಮೇಲ್ ತಂತ್ರಾಂಶದಲ್ಲಿಯೇ ಇರುತ್ತವೆ. ಬೇಕಾದಾಗ ಹುಡುಕುವ ಚೌಕದಲ್ಲಿ ಒಂದು ಹೆಸರು ಬೆರಳಚ್ಚಿಸಿದರೆ ಆಯಿತು, ಕ್ಷಣದಲ್ಲಿ ಪತ್ರ ಕಣ್ಣೆದುರು ಬರುತ್ತದೆ. ಆದರೆ ಒಂದು ದಿನ ಇದ್ದಕ್ಕಿದ್ದಂತೆ ಯಾವ ಹೆಸರು ಕೊಟ್ಟರೂ 'ಏನೂ ಸಿಗಲಿಲ್ಲ' ಎಂಬ ಉತ್ತರ ಬರತೊಡಗುತ್ತದೆ. ನಿನ್ನೆ ತಾನೇ ಓದಿದ ಪತ್ರವೂ ಸಿಗುವುದಿಲ್ಲ.

ಈ ಗಾಬರಿಯಲ್ಲಿ ಹಲವರು ಮಾಡುವ ಕೆಲಸವೆಂದರೆ ತಂತ್ರಾಂಶವನ್ನು, ಅದರ ಕಡತಕೋಶದ ಸಮೇತ, ಅಳಿಸಿ ಹೊಸದಾಗಿ ಹಾಕುವುದು. ನಿಜವಾದ ಅಪಾಯ ಇರುವುದು ಇಲ್ಲಿಯೇ. ಪತ್ರಗಳನ್ನು ಸರ್ವರ್‌ನಿಂದ ಇಳಿಸಿಕೊಂಡು ಅಲ್ಲಿಂದ ತೆಗೆದುಹಾಕುವ 'ಪಾಪ್' ಪದ್ಧತಿಯಲ್ಲಿ ಆ ಕಂಪ್ಯೂಟರಿನಲ್ಲಿರುವುದೇ ಏಕೈಕ ಪ್ರತಿ. ಅದನ್ನು ಅಳಿಸಿದರೆ ಪತ್ರ ಹೋದಂತೆಯೇ. ವಾಸ್ತವವಾಗಿ ಇಂಥ ಬಹುತೇಕ ಸಂದರ್ಭಗಳಲ್ಲಿ ಪತ್ರಗಳಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಅವುಗಳ ಸೂಚಿ ಮಾತ್ರ.

ಸೂಚಿಯ ವಂಶಾವಳಿ

ಸೂಚಿ ಎಂಬುದು ಕಂಪ್ಯೂಟರ್ ಕಾಲದ ಆವಿಷ್ಕಾರವಲ್ಲ. ಋಗ್ವೇದದ ಪ್ರತಿಯೊಂದು ಸೂಕ್ತದ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವನ್ನು ಕ್ರಮವಾಗಿ ಹೇಳುವ 'ಸರ್ವಾನುಕ್ರಮಣಿ' ಕಾತ್ಯಾಯನನ ಹೆಸರಿನಲ್ಲಿದೆ. ಯೂರೋಪಿನಲ್ಲಿ 13ನೇ ಶತಮಾನದ ಪೂರ್ವಾರ್ಧದಲ್ಲಿ ಪ್ಯಾರಿಸ್ಸಿನ ಡೊಮಿನಿಕನ್ ಸಂನ್ಯಾಸಿಗಳು ಸೇಂಟ್ ಶೇರ್‌ನ ಹ್ಯೂ ಎಂಬಾತನ ನೇತೃತ್ವದಲ್ಲಿ ಲ್ಯಾಟಿನ್ ಬೈಬಲ್ಲಿಗೆ ಪದಸೂಚಿ ಸಿದ್ಧಪಡಿಸಿದರು. ಆಗ ಬೈಬಲ್ಲಿನಲ್ಲಿ ಇಂದಿನಂತೆ ವಚನಗಳ ಸಂಖ್ಯೆ ಇರಲಿಲ್ಲ. ಆದ್ದರಿಂದ ಪ್ರತಿ ಅಧ್ಯಾಯವನ್ನು ಏಳು ಭಾಗ ಮಾಡಿ, ಎ ಯಿಂದ ಜಿ ವರೆಗೆ ಅಕ್ಷರ ಕೊಟ್ಟು, ಪದವೊಂದು ಯಾವ ಪುಸ್ತಕದ ಯಾವ ಅಧ್ಯಾಯದ ಯಾವ ಭಾಗದಲ್ಲಿದೆ ಎಂದು ಗುರುತಿಸಿದರು.

ಈ ಪರಂಪರೆಯನ್ನು ಯಂತ್ರಕ್ಕೆ ಒಪ್ಪಿಸಿದವರಲ್ಲಿ ಮೊದಲಿಗರು ಇಟಲಿಯ ಜೆಸ್ಯುಟ್ ಪಾದ್ರಿ ರಾಬರ್ಟೊ ಬೂಸ. ಸಂತ ಥಾಮಸ್ ಅಕ್ವಿನಾಸನ ಬರಹಗಳಲ್ಲಿ 'ಸಾನ್ನಿಧ್ಯ'ದ ಕಲ್ಪನೆಯನ್ನು ಅಭ್ಯಸಿಸುತ್ತಿದ್ದ ಅವರಿಗೆ 'ಇನ್' ಎಂಬ ಪುಟ್ಟ ಪದ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಬೇಕಾಗಿತ್ತು. ಅದಕ್ಕಾಗಿ ಕೈಯಿಂದಲೇ ಹತ್ತು ಸಾವಿರ ಚೀಟಿಗಳನ್ನು ಬರೆದರು. 1949ರಲ್ಲಿ ಅವರು ಐ.ಬಿ.ಎಂ. ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್‌ರನ್ನು ಕಂಡು ನೆರವು ಪಡೆದರು. ಸುಮಾರು ಒಂದು ಕೋಟಿ ಪದಗಳ ಆ ಸೂಚಿ 56 ಸಂಪುಟಗಳಲ್ಲಿ ಅಚ್ಚಾಗಿ ಮುಗಿದದ್ದು 1980ರಲ್ಲಿ. ಮೂವತ್ತು ವರ್ಷಗಳ ಆ ಶ್ರಮದ ಹಿಂದಿನ ತತ್ತ್ವವನ್ನೇ ಇಂದಿನ ಇ-ಮೇಲ್ ತಂತ್ರಾಂಶ ಸದ್ದಿಲ್ಲದೆ ಪಾಲಿಸುತ್ತದೆ.

ಹುಡುಕುವುದು ಪತ್ರವನ್ನಲ್ಲ

ಇಪ್ಪತ್ತು ಸಾವಿರ ಪತ್ರಗಳಿರುವ ಪೆಟ್ಟಿಗೆಯಲ್ಲಿ ಒಂದು ಪದ ಹುಡುಕಲು ಪ್ರತಿ ಸಲವೂ ಎಲ್ಲ ಪತ್ರಗಳನ್ನು ಓದಬೇಕಾದರೆ ಯಂತ್ರಕ್ಕೂ ಬೇಸರ ಬಂದೀತು! ಆದ್ದರಿಂದ ಪತ್ರ ಬಂದೊಡನೆ ತಂತ್ರಾಂಶ ಅದರ ಪದಗಳನ್ನು ಬಿಡಿಸಿ, ಒಂದೊಂದು ಪದದ ಎದುರೂ ಅದು ಯಾವ ಯಾವ ಪತ್ರದಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಪುಸ್ತಕದ ಕೊನೆಯ ಅಕಾರಾದಿಯೂ ಹೀಗೆಯೇ ಅಲ್ಲವೇ? ಹುಡುಕುವಾಗ ಅದು ನೋಡುವುದು ಈ ಸೂಚಿಯನ್ನೇ ಹೊರತು ಪತ್ರಗಳನ್ನಲ್ಲ. ಗ್ರಂಥಾಲಯದ ಕಾರ್ಡುಗಳ ಡ್ರಾಯರು ಕಳೆದುಹೋದರೆ ಪುಸ್ತಕಗಳು ಕಪಾಟಿನಲ್ಲಿದ್ದೂ 'ಇಲ್ಲ' ಎಂಬ ಉತ್ತರ ಬರುವಂತೆ, ಸೂಚಿ ಕೆಟ್ಟರೆ ಪತ್ರಗಳಿದ್ದೂ ಇಲ್ಲದಂತಾಗುತ್ತವೆ.

ಸೂಚಿ ಕೆಡಲು ಕಾರಣಗಳು ಹಲವು. ಅದನ್ನು ಬರೆಯುತ್ತಿರುವಾಗಲೇ ಕರೆಂಟು ಹೋಗಬಹುದು. ಡಿಸ್ಕಿನಲ್ಲಿ ಜಾಗ ಮುಗಿದಿರಬಹುದು. ತಂತ್ರಾಂಶದ ಹೊಸ ಆವೃತ್ತಿಗೆ ಹಳೆಯ ಸೂಚಿ ಹೊಂದದಿರಬಹುದು. ಕಡತಗಳನ್ನು ಬೇರೆ ಕಂಪ್ಯೂಟರಿಗೆ ಸಾಗಿಸುವಾಗಲೂ ಹೀಗಾಗುವುದುಂಟು.

ದುರಸ್ತಿಯ ಕ್ರಮ

ಮೊದಲು ಸಣ್ಣ ಕಾರಣಗಳನ್ನು ನೋಡಬೇಕು. ಹುಡುಕಾಟ ಒಂದೇ ಫೋಲ್ಡರಿಗೆ ಸೀಮಿತವಾಗಿದೆಯೇ? 'ಓದದ ಪತ್ರಗಳು ಮಾತ್ರ' ಎಂಬಂಥ ಸೋಸುವ ಗುಂಡಿ ಒತ್ತಿಯೇ ಉಳಿದಿದೆಯೇ? ಹಳೆಯ ಪತ್ರಗಳು ಕಂಪ್ಯೂಟರಿಗೆ ಇಳಿದಿವೆಯೇ ಅಥವಾ ಸರ್ವರ್‌ನಲ್ಲಿಯೇ ಇವೆಯೇ? ಇಳಿಯದ ಪತ್ರದ ಒಡಲು ಸೂಚಿಗೆ ಸೇರಿರುವುದಿಲ್ಲ. ಇವೆಲ್ಲ ಸರಿಯಿದ್ದರೆ ಸೂಚಿಯ ಕಡೆ ತಿರುಗಬೇಕು. ಅದಕ್ಕೆ ಮುನ್ನ ಇಡೀ ಅಂಚೆಯ ಕಡತಕೋಶದ ಒಂದು ನಕಲನ್ನು ಬೇರೆ ಡಿಸ್ಕಿನಲ್ಲಿ ಇಡುವುದು ಕ್ಷೇಮ.

ಉಚಿತವಾಗಿ ದೊರೆಯುವ 'ಥಂಡರ್‌ಬರ್ಡ್' ತಂತ್ರಾಂಶಕ್ಕೆ ಎಲ್ಲ ಫೋಲ್ಡರುಗಳನ್ನೂ ಒಟ್ಟಿಗೆ ಹುಡುಕುವ ಸೌಲಭ್ಯ ಬಂದದ್ದು 2009ರ ಡಿಸೆಂಬರಿನ ಮೂರನೇ ಆವೃತ್ತಿಯಿಂದ. ಸೆಟ್ಟಿಂಗ್ಸ್‌ನಲ್ಲಿ 'ಗ್ಲೋಬಲ್ ಸರ್ಚ್ ಆ್ಯಂಡ್ ಇಂಡೆಕ್ಸರ್' ಎಂಬುದಕ್ಕೆ ಗುರುತು ಬಿದ್ದಿರಬೇಕು. ಬಿದ್ದಿದ್ದೂ ಫಲವಿಲ್ಲದಿದ್ದರೆ, 'ಹೆಲ್ಪ್' ಪಟ್ಟಿಯ 'ಟ್ರಬಲ್‌ಶೂಟಿಂಗ್ ಇನ್‌ಫರ್ಮೇಷನ್' ಮೂಲಕ ಪ್ರೊಫೈಲ್ ಫೋಲ್ಡರನ್ನು ತೆರೆದುಕೊಂಡು, ತಂತ್ರಾಂಶವನ್ನು ಪೂರ್ತಿ ಮುಚ್ಚಿ, ಅಲ್ಲಿರುವ 'ಗ್ಲೋಬಲ್-ಮೆಸೇಜಸ್-ಡಿಬಿ' ಎಂದು ಆರಂಭವಾಗುವ ಕಡತದ ಹೆಸರು ಬದಲಿಸಬೇಕು. ಮತ್ತೆ ತೆರೆದಾಗ ಸೂಚಿ ಇಲ್ಲದ್ದನ್ನು ಕಂಡು ತಂತ್ರಾಂಶ ತಾನೇ ಹೊಸದನ್ನು ಬರೆಯತೊಡಗುತ್ತದೆ. 'ಆ್ಯಕ್ಟಿವಿಟಿ ಮ್ಯಾನೇಜರ್'ನಲ್ಲಿ ಅದರ ಪ್ರಗತಿ ಕಾಣಿಸುತ್ತದೆ. ಒಂದೇ ಫೋಲ್ಡರು ತಪ್ಪುತ್ತಿದ್ದರೆ ಅದರ 'ಪ್ರಾಪರ್ಟೀಸ್'ನಲ್ಲಿರುವ 'ರಿಪೇರ್ ಫೋಲ್ಡರ್' ಗುಂಡಿ ಸಾಕಾದೀತು.

ಹಳೆಯ ಮಾದರಿಯ 'ಔಟ್‌ಲುಕ್' ಈ ಕೆಲಸಕ್ಕೆ ವಿಂಡೋಸ್‌ನ ಸೂಚಿಯನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ಮದ್ದು ಇರುವುದು ಕಂಟ್ರೋಲ್ ಪ್ಯಾನೆಲ್‌ನ 'ಇಂಡೆಕ್ಸಿಂಗ್ ಆಪ್ಷನ್ಸ್'ನಲ್ಲಿ. ಅಲ್ಲಿಯ ಪಟ್ಟಿಯಲ್ಲಿ ಔಟ್‌ಲುಕ್‌ಗೆ ಗುರುತು ಹಾಕಿ, 'ಅಡ್ವಾನ್ಸ್‌ಡ್' ಎಂಬಲ್ಲಿ 'ರೀಬಿಲ್ಡ್' ಒತ್ತಬೇಕು. ಆ್ಯಪಲ್ ಕಂಪ್ಯೂಟರಿನ 'ಮೇಲ್'ನಲ್ಲಿ 'ಮೇಲ್‌ಬಾಕ್ಸ್' ಪಟ್ಟಿಯ 'ರೀಬಿಲ್ಡ್' ಮೊದಲ ಪ್ರಯತ್ನ. ಪತ್ರಗಳು ಹೆಚ್ಚಿದ್ದರೆ ಈ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅರ್ಧಕ್ಕೆ ಹುಡುಕಿ 'ಇನ್ನೂ ಸಿಗಲಿಲ್ಲ' ಎಂದು ಕಂಪ್ಯೂಟರನ್ನು ಆರಿಸಿದರೆ ಸೂಚಿಯೂ ಅರ್ಧಕ್ಕೇ ನಿಲ್ಲುತ್ತದೆ.

ಕನ್ನಡದ ತೊಡಕು

ಸೂಚಿ ಸರಿಯಿದ್ದೂ ಕನ್ನಡ ಪತ್ರ ಸಿಗದಿರುವುದಕ್ಕೆ ಬೇರೆಯೇ ಕಾರಣಗಳಿವೆ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೂ ಬಳಕೆಗೆ ಬರಲು ವರ್ಷಗಳೇ ಬೇಕಾದವು. ಅಷ್ಟರಲ್ಲಿ 'ಬರಹ', 'ನುಡಿ'ಯಂಥ ತಂತ್ರಾಂಶಗಳ ಆಗಿನ ಅಕ್ಷರಶೈಲಿಗಳಲ್ಲಿ ಅಸಂಖ್ಯ ಪತ್ರಗಳು ಬರೆಯಲ್ಪಟ್ಟವು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ಕಂಡದ್ದು ಕನ್ನಡ, ಕಡತದಲ್ಲಿ ಉಳಿದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಇಂದು ಯೂನಿಕೋಡ್‌ನಲ್ಲಿ 'ಅಮ್ಮ' ಎಂದು ಹುಡುಕಿದರೆ ಅಂದು ಬರೆದ 'ಅಮ್ಮ' ಸಿಗುವುದಿಲ್ಲ. ಇಂಥ ಪತ್ರಗಳನ್ನು ಪರಿವರ್ತಕ ತಂತ್ರಾಂಶಗಳಿಂದ ಯೂನಿಕೋಡ್‌ಗೆ ತಿರುಗಿಸಿಟ್ಟುಕೊಳ್ಳುವುದೊಂದೇ ಖಾತ್ರಿಯ ದಾರಿ.

ಯೂನಿಕೋಡ್‌ನಲ್ಲಿಯೂ ಒಂದು ಸೂಕ್ಷ್ಮವಿದೆ. 'ರಾಜ್‌ಕುಮಾರ್' ಎಂದು ಒತ್ತಕ್ಷರವಾಗದಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಹುಡುಕುವವರು ಅದನ್ನು ಬಿಟ್ಟು ಬೆರಳಚ್ಚಿಸಿದರೆ ಕೆಲವು ತಂತ್ರಾಂಶಗಳಿಗೆ ಅದು ಬೇರೆ ಪದವೇ ಆಗುತ್ತದೆ. ಇನ್ನು ವಿಭಕ್ತಿಗಳ ಮಾತು. 'ಬೆಂಗಳೂರು' ಎಂದು ಕೇಳಿದರೆ 'ಬೆಂಗಳೂರಿನಲ್ಲಿ' ಎಂದಿರುವ ಪತ್ರ ತಪ್ಪಿಹೋಗಬಹುದು. ಲ್ಯಾಟಿನ್ನಿನ ರೂಪಭೇದಗಳನ್ನೆಲ್ಲ ಒಂದೊಂದು ಮೂಲಪದದ ಕೆಳಗೆ ತರಲು ಬೂಸ ಪಟ್ಟ ಪಾಡೂ ಇದೇ. ಪದದ ಬಾಲ ಬಿಟ್ಟು 'ಬೆಂಗಳೂ' ಎಂದಷ್ಟೇ ಹುಡುಕಿದರೆ ಅನೇಕ ತಂತ್ರಾಂಶಗಳಲ್ಲಿ ಎರಡೂ ಸಿಗುತ್ತವೆ.

ಸೂಚಿ ಹೋದರೆ ಪತ್ರಗಳಿಂದ ಅದನ್ನು ಎಷ್ಟು ಸಲ ಬೇಕಾದರೂ ಕಟ್ಟಿಕೊಳ್ಳಬಹುದು. ಪತ್ರಗಳೇ ಹೋದರೆ ಯಾವ ಸೂಚಿಯಿಂದಲೂ ಅವನ್ನು ಮರಳಿ ಪಡೆಯಲಾಗದು. 'ಏನೂ ಸಿಗಲಿಲ್ಲ' ಎಂಬ ಸಾಲು ಪರದೆಯ ಮೇಲೆ ಮೂಡಿದಾಗ ಅಳಿಸುವ ಗುಂಡಿಯ ಮೇಲಿನ ಕೈಯನ್ನು ಹಿಂದೆಗೆದುಕೊಳ್ಳಲು ಇಷ್ಟು ನೆನಪಿದ್ದರೆ ಸಾಕು.