ಯೂಟ್ಯೂಬಿನ ಬೀಗದ ಕೈ ಯಾರಲ್ಲಿರಬೇಕು?

ಮುಂಬಯಿ, ಪುಣೆ, ಚೆನ್ನೈ ಮುಂತಾದ ನಗರಗಳ ಕನ್ನಡ ಸಂಘಗಳಲ್ಲಿ ಈಗ ರಾಜ್ಯೋತ್ಸವವಿರಲಿ, ತಾಳಮದ್ದಳೆಯಿರಲಿ, ಕಾರ್ಯಕ್ರಮ ಮುಗಿಯುವುದರೊಳಗೆ ಅದು ಯೂಟ್ಯೂಬಿನಲ್ಲಿ ಇರುತ್ತದೆ. ಲೋಕಲ್ ರೈಲು ಹತ್ತಿ ಸಭಾಗೃಹಕ್ಕೆ ಬರಲಾಗದ ಹಿರಿಯರು ಮನೆಯಲ್ಲೇ ಕುಳಿತು ನೋಡುತ್ತಾರೆ, ಊರಿನ ಬಂಧುಗಳೂ ನೋಡುತ್ತಾರೆ. ಹಿಂದೆ ಸಿ.ಡಿ. ಮಾಡಿಸಿ ಹಂಚುತ್ತಿದ್ದ ಕೆಲಸ ಇಂದು ಪುಕ್ಕಟೆ. ಆದರೆ ಆ ವೇದಿಕೆ ಸಂಘದ ಸ್ವಂತದ್ದಲ್ಲ. 2006ರಲ್ಲಿ ಗೂಗಲ್ 165 ಕೋಟಿ ಡಾಲರ್‌ಗೆ ಕೊಂಡ ಆಸ್ತಿ ಅದು. ಯಾವ ವೀಡಿಯೊ ಮೇಲೆ ಕಾಣಬೇಕು, ಯಾವುದು ಮರೆಯಾಗಬೇಕು ಎಂಬುದು ಮಾಲಿಕರ ತೀರ್ಮಾನ. ಮಾಲಿಕರೇ ಒಂದು ರಾಜಕೀಯ ಪಕ್ಷಕ್ಕೆ ವಾಲಿದರೆ ಗತಿಯೇನು ಎಂಬ ಪ್ರಶ್ನೆ ಹಲವು ದೇಶಗಳ ನ್ಯಾಯಾಲಯಗಳನ್ನು ಹತ್ತಿದೆ.

ಅಮೆರಿಕದ ಪ್ರಕರಣ ಗಮನಾರ್ಹವಾದುದು. ಸಂಪ್ರದಾಯವಾದಿ ವಿಚಾರಗಳ ಕಿರುಚಿತ್ರ ತಯಾರಿಸುವ ಪ್ರೇಗರ್ ಯುನಿವರ್ಸಿಟಿ ಎಂಬ ಸಂಸ್ಥೆ (ಹೆಸರಷ್ಟೇ ಯುನಿವರ್ಸಿಟಿ, ಪದವಿ ಕೊಡುವುದಿಲ್ಲ) ತನ್ನ ಹಲವು ವೀಡಿಯೊಗಳನ್ನು ಯೂಟ್ಯೂಬ್ ನಿರ್ಬಂಧಿತ ವರ್ಗಕ್ಕೆ ತಳ್ಳಿದೆ ಎಂದು 2017ರಲ್ಲಿ ದಾವೆ ಹೂಡಿತು. ಇಷ್ಟು ದೊಡ್ಡ ವೇದಿಕೆಯೆಂದರೆ ಸಾರ್ವಜನಿಕ ಚೌಕದಂತೆ, ಅಲ್ಲಿ ಪಕ್ಷಪಾತ ಸಲ್ಲದು ಎಂಬುದು ಅದರ ವಾದ. 2020ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಯೂಟ್ಯೂಬ್ ಖಾಸಗಿ ಸಂಸ್ಥೆ, ಸಂವಿಧಾನದ ವಾಕ್ ಸ್ವಾತಂತ್ರ್ಯದ ಕಲಮು ಕಟ್ಟಿಹಾಕುವುದು ಸರಕಾರವನ್ನು ಮಾತ್ರ ಎಂದಿತು.

ಇದರಿಂದ ಸಮಾಧಾನವಾಗದವರು ಶಾಸನದ ದಾರಿ ಹಿಡಿದರು. 2021ರಲ್ಲಿ ಫ್ಲೋರಿಡಾ ಮತ್ತು ಟೆಕ್ಸಾಸ್ ರಾಜ್ಯಗಳು ದೊಡ್ಡ ವೇದಿಕೆಗಳ ಕೈಕಟ್ಟುವ ಕಾನೂನು ತಂದವು. ಅಭಿಪ್ರಾಯದ ಕಾರಣಕ್ಕೆ ಯಾರನ್ನೂ ತೆಗೆಯಬಾರದು ಎಂದಿತು ಟೆಕ್ಸಾಸ್. 2024ರ ಜುಲೈ 1ರಂದು ಸುಪ್ರೀಂ ಕೋರ್ಟು ಎರಡೂ ಪ್ರಕರಣಗಳನ್ನು ಮರುವಿಚಾರಣೆಗೆ ಕಳುಹಿಸುತ್ತಾ, ಯಾವುದನ್ನು ಪ್ರಕಟಿಸಬೇಕೆಂದು ಆರಿಸುವುದು ಪತ್ರಿಕಾ ಸಂಪಾದಕನ ಕೆಲಸದಂತೆಯೇ ಅಭಿವ್ಯಕ್ತಿ ಎಂದು ಅಭಿಪ್ರಾಯಪಟ್ಟಿತು. ಕಾನೂನು ಹೀಗೆ ಕಂಪೆನಿಯ ಕಡೆಗಿದ್ದರೂ, 2021ರ ಜನವರಿಯಲ್ಲಿ ಚಾನೆಲ್ ಅಮಾನತಾಗಿದ್ದ ಡೊನಾಲ್ಡ್ ಟ್ರಂಪ್ ಹೂಡಿದ್ದ ದಾವೆಯನ್ನು ಯೂಟ್ಯೂಬ್ 2025ರ ಸೆಪ್ಟೆಂಬರಿನಲ್ಲಿ 2.45 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಟ್ರಂಪ್ ಮತ್ತೆ ಅಧ್ಯಕ್ಷರಾಗಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುರೋಪ್ ಒಕ್ಕೂಟದ ಕ್ರಮ ಬೇರೆ. 4.5 ಕೋಟಿಗೂ ಹೆಚ್ಚು ಬಳಕೆದಾರರಿರುವ ವೇದಿಕೆಗಳು ವೀಡಿಯೊ ತೆಗೆದರೆ ಕಾರಣ ತಿಳಿಸಬೇಕು, ತಪ್ಪಿದರೆ ಜಾಗತಿಕ ವಹಿವಾಟಿನ ಶೇ. 6ರವರೆಗೂ ದಂಡ.

ಭಾರತದಲ್ಲಿ ಮಾತ್ರ ಸಮಸ್ಯೆಯ ಮುಖವೇ ಬೇರೆ. ಇಲ್ಲಿ ಕಂಪೆನಿಯ ಒಲವಿಗಿಂತ ಸರಕಾರದ ಆದೇಶವೇ ಹೆಚ್ಚು ಚರ್ಚೆಗೆ ಗುರಿಯಾಗಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನಡಿ ವೀಡಿಯೊ ತಡೆಯುವ ಆದೇಶವನ್ನು 2009ರ ನಿಯಮಗಳ ಪ್ರಕಾರ ಗುಟ್ಟಾಗಿಡಬೇಕು. 2023ರ ಜನವರಿಯಲ್ಲಿ ಪ್ರಧಾನಿಯವರ ಕುರಿತ ಬಿಬಿಸಿ ಸಾಕ್ಷ್ಯಚಿತ್ರದ ವೀಡಿಯೊಗಳನ್ನು ತುರ್ತು ಅಧಿಕಾರ ಬಳಸಿ ತಡೆಯಲಾಯಿತು. ಅದೇ ವರ್ಷ ಏಪ್ರಿಲಿನಲ್ಲಿ, ಕೇಂದ್ರ ಸರಕಾರದ ಕುರಿತ ಸುದ್ದಿ ಸುಳ್ಳೋ ನಿಜವೋ ಎಂಬುದನ್ನು ಸರಕಾರದ್ದೇ ಘಟಕ ನಿರ್ಧರಿಸುವ ನಿಯಮ ಬಂತು. ಆರೋಪಿಯೇ ನ್ಯಾಯಾಧೀಶನಾದಂತೆ! ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತಿತರರು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಮೂಡಿ, ಮೂರನೆಯವರಾದ ನ್ಯಾ. ಎ.ಎಸ್. ಚಂದೂರ್ಕರ್ ಅವರು 2024ರ ಸೆಪ್ಟೆಂಬರ್ 20ರಂದು ಆ ನಿಯಮ ಅಸಾಂವಿಧಾನಿಕ ಎಂದರು.

ಸುಮಾರು ಒಂದು ವರ್ಷದ ಬಳಿಕ ತವರಿನ ನ್ಯಾಯಾಲಯದಿಂದ ಬೇರೆಯೇ ಧಾಟಿಯ ತೀರ್ಪು ಬಂತು. ಅಧಿಕಾರಿಗಳು 'ಸಹಯೋಗ' ಪೋರ್ಟಲ್ ಮೂಲಕ ಕಂಪೆನಿಗಳಿಗೆ ನೋಟಿಸು ಕಳುಹಿಸುವ ವ್ಯವಸ್ಥೆಯನ್ನು ಪ್ರಶ್ನಿಸಿದ್ದ ಎಕ್ಸ್ ಸಂಸ್ಥೆಯ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟಿನ ನ್ಯಾ. ಎಂ. ನಾಗಪ್ರಸನ್ನ ಅವರು ವಜಾಗೊಳಿಸಿದರು. ಸಾಮಾಜಿಕ ಜಾಲತಾಣಕ್ಕೆ ನಿಯಂತ್ರಣ ಬೇಕು ಎಂಬುದು ತೀರ್ಪಿನ ತಿರುಳು. ಮಾನಹಾನಿ, ಮಕ್ಕಳ ಶೋಷಣೆಯ ವೀಡಿಯೊಗಳನ್ನು ಕಂಡವರು ಇದನ್ನು ತಳ್ಳಿಹಾಕಲಾರರು. ಆದರೆ ನಿಯಂತ್ರಿಸುವ ಕೈಯನ್ನು ನೋಡಿಕೊಳ್ಳುವವರು ಯಾರು ಎಂಬ ಸಂದೇಹ ಉಳಿದೇ ಇದೆ.

ಸಂಘಗಳ ಪದಾಧಿಕಾರಿಗಳು ತಿಳಿದಿರಬೇಕಾದ ಅಂಶವೊಂದಿದೆ. 2021ರ ನಿಯಮಗಳಂತೆ 50 ಲಕ್ಷಕ್ಕೂ ಹೆಚ್ಚು ಬಳಕೆದಾರರಿರುವ ವೇದಿಕೆಗಳು ತಾವಾಗಿ ವೀಡಿಯೊ ತೆಗೆಯುವಾಗ ಹಾಕಿದವರಿಗೆ ಕಾರಣಸಹಿತ ತಿಳಿಸಿ, ಆಕ್ಷೇಪಕ್ಕೆ ಅವಕಾಶ ಕೊಡಬೇಕು. ದೂರು ಅಧಿಕಾರಿಯ ಉತ್ತರ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ಕೇಂದ್ರ ಸರಕಾರ ನೇಮಿಸಿದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಮೊರೆಹೋಗಬಹುದು. ತೊಡಕೆಂದರೆ, ಆ ನೋಟಿಸು ಬರುವುದು ಸಂಘದ ಕಚೇರಿಗಲ್ಲ, ಚಾನೆಲ್ ತೆರೆದವರ ಇ-ಮೇಲ್‌ಗೆ. ಅದನ್ನು ತೆರೆದುಕೊಟ್ಟ ಹುಡುಗ ನೌಕರಿಗೆಂದು ದುಬೈಗೆ ಹೋಗಿದ್ದರೆ, ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಮೊದಲು ವಿಚಾರಿಸಬೇಕಾದ್ದು ಪಾಸ್‌ವರ್ಡ್ ಯಾರ ಬಳಿಯಿದೆ ಎಂಬುದನ್ನು.